ಕಂಟಿಯ ಬುಡದ ಇರುವೆಗಳು

(ಪರಿಸರ ಅಧ್ಯಯನ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹರೂಪ)



ವಿಜಯಪುರ ನಗರದಿಂದ ಉತ್ತರಕ್ಕೆ ಹೊರಡುವ ಸೊಲ್ಲಾಪುರ ರಸ್ತೆಯಲ್ಲಿ ಕಾಲೇಜುಗಳು, ಅಂಗಡಿ ಸಾಲುಗಳು, ಹೊಸ ಬಡಾವಣೆಗಳು ಹಿಂದೆ ಸರಿದ ಮೇಲೆ ಎರಡೂ ಬದಿಗೆ ಬಯಲು ತೆರೆದುಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಬಯಲು ನಿರ್ಜೀವವಾಗಿ ಕಾಣುತ್ತದೆ. ಹಿಂಗಾರಿ ಜೋಳದ ಕೊಯ್ಲು ಮುಗಿದಿದೆ. ಕಣಿಕೆ ಬಣವೆ ಸೇರಿದೆ. ಎರೆ ಹೊಲ ಬಿರಿದು ಬಾಯ್ದೆರೆದಿದೆ. ಅಂಥ ಹೊಲದ ಒಡ್ಡಿನ ಮೇಲೆ ಸೊಂಟದೆತ್ತರದ ಒಂದು ಬಾರಿಕಂಟಿ ನಿಂತಿರುತ್ತದೆ. ದಾರಿಹೋಕನಿಗೆ ಅದು ಚುಚ್ಚುವ ಮುಳ್ಳು, ಆಡಿಗೆ ಮೇವು, ರೈತನಿಗೆ ಬೇಲಿಯ ಸಾಮಗ್ರಿ. ಅದರ ಬುಡದಲ್ಲಿ ಹತ್ತು ನಿಮಿಷ ಕುಳಿತು ನೋಡಿದವರಿಗೆ ಬೇರೆಯೇ ಒಂದು ಸಂಗತಿ ಗೋಚರಿಸುತ್ತದೆ. ಒಣಗಿದ ಎಲೆಗಳ ನಡುವೆ ಸಣ್ಣ ಕಂದು ಇರುವೆಗಳ ಸಾಲು ಹರಿಯುತ್ತಿದೆ. ಒಂದು ಹುಲ್ಲಿನ ಬೀಜವನ್ನು ಎರಡು ಇರುವೆಗಳು ಎಳೆದಾಡುತ್ತಿವೆ. ಅಲ್ಲಿಂದ ಎರಡು ಮಾರು ಆಚೆ, ಬಟಾಬಯಲಿನಲ್ಲಿ, ಅದೇ ಹೊತ್ತಿನಲ್ಲಿ ಒಂದೂ ಇರುವೆಯಿಲ್ಲ.

ಈ ಎರಡು ಮಾರಿನ ಅಂತರವೇ ಇಂದಿನ ಉಪನ್ಯಾಸದ ವಸ್ತು.

ಮಲೆನಾಡಿನ ಶಿಬಿರದಲ್ಲಿ ಬಯಲುಸೀಮೆಯ ಮಾತೇಕೆ ಎಂಬ ಪ್ರಶ್ನೆ ಸಹಜ. ಉತ್ತರದ ಒಂದು ಪಾಲು ಮಳೆಯಲ್ಲಿದೆ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಸಹ್ಯಾದ್ರಿಯನ್ನು ಏರುವಾಗಲೇ ತಮ್ಮ ಭಾರವನ್ನು ಬಹುಮಟ್ಟಿಗೆ ಇಳಿಸಿಬಿಡುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆಯಾದರೆ, ಬೆಟ್ಟದ ಮಳೆನೆರಳಿನಲ್ಲಿರುವ ವಿಜಯಪುರಕ್ಕೆ ಉಳಿಯುವುದು 600 ಮಿ.ಮೀ.ನ ಆಸುಪಾಸು, ಅದರಲ್ಲಿಯೂ ಸೆಪ್ಟೆಂಬರ್ ತಿಂಗಳದೇ ದೊಡ್ಡ ಪಾಲು. ಭೂಗೋಳಶಾಸ್ತ್ರದ ಲೆಕ್ಕದಲ್ಲಿ ಅದು ಮರುಭೂಮಿಯಲ್ಲ, ಅರೆಶುಷ್ಕ ಪ್ರದೇಶ. ಆದರೆ ಮೂರು ಮಿಲಿಮೀಟರ್ ಉದ್ದದ ಜೀವಿಯ ಪಾಲಿಗೆ ಬೇಸಿಗೆಯ ಬರಿ ನೆಲ ಮರುಭೂಮಿಯೇ ಸರಿ. ಉತ್ತರದ ಇನ್ನೊಂದು ಪಾಲು ಮಲೆನಾಡಿನ ನೆತ್ತಿಯ ಮೇಲೆಯೇ ಇದೆ. ಅದು ಮುಂದೆ ಬರುತ್ತದೆ.

ಆ ಸೀಮೆಯ ನೆಲವನ್ನು ಮೊದಲು ಅರಿಯಬೇಕು. ಕೆಳಗೆ ದಖ್ಖನ್ನಿನ ಕಪ್ಪುಶಿಲೆ. ಅದು ಸವೆದು ಆದದ್ದು ಎರೆಮಣ್ಣು. ತಗ್ಗಿನಲ್ಲಿ, ವಿಶೇಷವಾಗಿ ತಿಕೋಟಾ, ಬಬಲೇಶ್ವರ ಸೀಮೆಯ ಡೋಣಿ ನದಿಯ ಬಯಲಿನಲ್ಲಿ, ಈ ಮಣ್ಣು ಆಳವಾಗಿದೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆ ಹುಟ್ಟಿದ್ದು ಈ ಆಳದಿಂದ. ದಿಣ್ಣೆಯಲ್ಲಿ ಮಣ್ಣು ಒಂದು ಗೇಣೂ ಇಲ್ಲ, ಕಲ್ಲು ಮತ್ತು ಗರಸು ಮಾತ್ರ. ಅದನ್ನು ಅಲ್ಲಿಯವರು ಮಡ್ಡಿ ಎನ್ನುತ್ತಾರೆ. ಇಲ್ಲಿ ಮಟ್ಟಿ, ಪೊದೆ ಎನ್ನುವುದಕ್ಕೆ ಅಲ್ಲಿ ಕಂಟಿ ಎಂಬ ಹೆಸರು. ಮಡ್ಡಿಯ ಮೇಲೆ ಬಾರಿಕಂಟಿ, ಹಳದಿ ಹೂವಿನ ತಂಗಡಿ (ಇಲ್ಲಿಯ ಕೆಲವರು ಇದನ್ನು ಆವರಿಕೆ ಎಂಬ ಹೆಸರಿನಿಂದ ಬಲ್ಲರು), ಕವಳಿ, ಎಕ್ಕೆ, ನಡುನಡುವೆ ಕುಳ್ಳಾಗಿ ಉಳಿದ ಜಾಲಿ. ಕಂಟಿಗೆ ಉಳಿದ ಇನ್ನೊಂದು ಆಸರೆ ಹೊಲದ ಒಡ್ಡು. 1942–43ರ ಬರದ ಕಾಲಕ್ಕೆ, ಜಿಲ್ಲೆ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದಾಗ, ಮಣ್ಣು ಮತ್ತು ನೀರು ಹಿಡಿಯಲೆಂದು ಇಲ್ಲಿ ಸಮಪಾತಳಿ ಒಡ್ಡುಗಳನ್ನು ಹಾಕುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಒಡ್ಡಿನ ಮೇಲೆ ನೇಗಿಲು ಹಾಯುವುದಿಲ್ಲ, ಕುಂಟೆ ಎಳೆಯುವುದಿಲ್ಲ. ಮಣ್ಣು ಉಳಿಸಲು ಹಾಕಿದ ಒಡ್ಡು, ಯಾರೂ ಯೋಜಿಸದೆಯೇ, ಕಂಟಿಗಳ ಉದ್ದನೆಯ ಆಶ್ರಯತಾಣವಾಯಿತು.

ಕಂಟಿಯು ಇರುವೆಗೆ ಕೊಡುವ ಮೊದಲ ವಸ್ತು ನೆರಳು. ಮನುಷ್ಯನ ಅಳತೆಯಲ್ಲಿ ಆ ನೆರಳು ನಗೆಪಾಟಲಿನದು, ತಲೆಗೂ ಸಾಲದು. ಆದರೆ ಇರುವೆ ಬದುಕುವುದು ನೆಲದಿಂದ ಕೆಲವೇ ಮಿಲಿಮೀಟರ್ ಎತ್ತರದಲ್ಲಿ. ಮನುಷ್ಯನ ಎದೆಯ ಎತ್ತರದಲ್ಲಿ ಗಾಳಿ 40 ಡಿಗ್ರಿ ಸೆಲ್ಸಿಯಸ್ ಇರುವಾಗ ಬಿಸಿಲಿಗೆ ಒಡ್ಡಿಕೊಂಡ ಕರಿಮಣ್ಣಿನ ಮೇಲ್ಮೈ 60 ಡಿಗ್ರಿಯ ಸಮೀಪಕ್ಕೆ ಏರಬಲ್ಲದು. ಇರುವೆಯ ಒಡಲು ನೆಲಕ್ಕೆ ಅಂಟಿದಂತಿರುವುದರಿಂದ ಅದು ಅನುಭವಿಸುವುದು ಈ ಎರಡನೆಯ ಉಷ್ಣತೆಯನ್ನೇ. ಜಗತ್ತಿನಲ್ಲಿ ಅತಿ ಹೆಚ್ಚು ಬಿಸಿ ತಾಳುವ ಜೀವಿಗಳಲ್ಲೊಂದಾದ ಸಹಾರದ ಬೆಳ್ಳಿ ಇರುವೆಗೂ ಒಡಲು ಸುಮಾರು 53 ಡಿಗ್ರಿ ಮುಟ್ಟಿದರೆ ಸಾವು. ಅದು ನಡುಹಗಲಿನಲ್ಲಿ ಹೊರಬೀಳುವುದು ಕೆಲವೇ ನಿಮಿಷ. ಓಡಿಹೋಗಿ, ಬಿಸಿಲಿಗೆ ಸತ್ತ ಹುಳವೊಂದನ್ನು ಕಚ್ಚಿಕೊಂಡು ಓಡಿಬರುತ್ತದೆ. ದಖ್ಖನ್ನಿನ ಸಾಮಾನ್ಯ ಇರುವೆಗಳಿಗೆ ಆ ಸಾಮರ್ಥ್ಯವಿಲ್ಲ. ನೆಲ ಕಾದಂತೆ ಅವು ಗೂಡು ಸೇರುತ್ತವೆ. ದಟ್ಟ ಕಂಟಿಯ ಬುಡದಲ್ಲಿ ಮಣ್ಣಿನ ಮೇಲ್ಮೈ ಹತ್ತಿಪ್ಪತ್ತು ಡಿಗ್ರಿ ತಂಪಾಗಿರುವುದು ಸಾಧ್ಯ. ಹಾಗಾದಾಗ ಬಯಲಿನ ಇರುವೆಗೆ ಬೆಳಿಗ್ಗೆ ಮತ್ತು ಸಂಜೆ ಸಿಗುವ ಒಂದೆರಡು ತಾಸಿನ ದುಡಿಮೆಯ ಬದಲು ಕಂಟಿಯಡಿಯ ಇರುವೆಗೆ ಹಗಲಿನ ಬಹುಭಾಗ ಸಿಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎಲ್ಲ ಇರುವೆಗಳಿಗೂ ಈ ನೆರಳಿನ ಅಗತ್ಯ ಸಮನಾಗಿಲ್ಲ. ಉದ್ದ ಕಾಲಿನ ದೊಡ್ಡ ಇರುವೆ ತನ್ನ ಒಡಲನ್ನು ನೆಲದಿಂದ ಮೇಲೆತ್ತಿ ನಡೆಯುತ್ತದೆ, ಬೇಗ ನಡೆಯುತ್ತದೆ. ಒಂದು ಕಂಟಿಯಿಂದ ಇನ್ನೊಂದು ಕಂಟಿಗೆ ದಾಟಬಲ್ಲದು. ಸಣ್ಣ ಇರುವೆಯ ಒಡಲು ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಎರಡು ಕಂಟಿಗಳ ನಡುವಣ ಹತ್ತು ಮಾರಿನ ಬಯಲು ಅದಕ್ಕೆ ದಾಟಲಾಗದ ಕಡಲು. ಆದುದರಿಂದ ಕಂಟಿಗಳು ಎಷ್ಟಿವೆ ಎಂಬುದಷ್ಟೇ ಅಲ್ಲ, ಎಷ್ಟು ಹತ್ತಿರ ಇವೆ ಎಂಬುದೂ ಯಾವ ಇರುವೆ ಅಲ್ಲಿ ನೆಲೆಸೀತು ಎಂಬುದನ್ನು ನಿರ್ಧರಿಸುತ್ತದೆ. ಒಡ್ಡಿನ ಮೇಲಿನ ಹತ್ತು ಕಂಟಿಗಳಲ್ಲಿ ಐದನ್ನು ಕಿತ್ತರೆ ಇರುವೆಗಳು ಅರ್ಧವಾಗುತ್ತವೆ ಎಂಬ ಲೆಕ್ಕ ಸರಿಬರುವುದಿಲ್ಲ. ಸಣ್ಣ ಪ್ರಭೇದಗಳಿಗೆ ಅದು ಅರ್ಧಕ್ಕಿಂತ ಬಹಳ ಹೆಚ್ಚಿನ ನಷ್ಟ.

ಎರಡನೆಯದು ಆಹಾರ. ಬಯಲಿನಲ್ಲಿ ಗಾಳಿ ಹೊತ್ತು ತರುವ ತರಗೆಲೆ, ಧೂಳು, ಹುಲ್ಲಿನ ಬೀಜಗಳೆಲ್ಲ ಬಂದು ಸಿಲುಕುವುದು ಕಂಟಿಯ ಮುಳ್ಳಿಗೆ. ಅದರ ಮೇಲೆ ಕೂರುವ ಹಕ್ಕಿಗಳ ಹಿಕ್ಕೆ, ನೆರಳಿಗೆ ಬಂದ ಕುರಿ ಆಡುಗಳ ಹಿಕ್ಕೆ ಅಲ್ಲಿಯೇ ಬೀಳುತ್ತದೆ. ಹೀಗೆ ವರ್ಷ ವರ್ಷವೂ ಕೂಡಿಬಂದ ಕಸದಿಂದ ಕಂಟಿಯ ಬುಡದ ಮಣ್ಣು ಸುತ್ತಲಿನ ಮಣ್ಣಿಗಿಂತ ಸಾರವತ್ತಾಗುತ್ತದೆ. ಮರುಭೂಮಿಗಳನ್ನು ಅಭ್ಯಸಿಸಿದ ವಿಜ್ಞಾನಿಗಳು ಇದನ್ನು ಫಲವತ್ತತೆಯ ದ್ವೀಪ ಎಂದು ಕರೆದಿದ್ದಾರೆ. ಬೀಜ ತಿನ್ನುವ ಇರುವೆಗೆ ಅದು ಕಣಜ. ಬೇಟೆಯಾಡುವ ಇರುವೆಗೆ ಕಸದಲ್ಲಿ ಗೆದ್ದಲು, ಸಣ್ಣ ಹುಳಗಳಿವೆ. ಚಳಿಗಾಲದಲ್ಲಿ ಬಾರಿಹಣ್ಣು ಉದುರಿದಾಗ ಅದರ ತಿರುಳಿಗೆ ಬಗೆಬಗೆಯ ಇರುವೆಗಳು ಮುತ್ತುತ್ತವೆ.

ದಖ್ಖನ್ನಿನ ಇರುವೆಗಳು ಬೀಜ ಕೂಡಿಡುತ್ತವೆ ಎಂಬುದು ವಿಜ್ಞಾನದ ದಾಖಲೆಗೆ ಬಂದು ಬಹಳ ಕಾಲವಾಯಿತು. ಯುರೋಪಿನ ಪಂಡಿತರು ಒಮ್ಮೆ ಇದನ್ನು ಕಟ್ಟುಕಥೆಯೆಂದು ತಳ್ಳಿಹಾಕಿದ್ದರು. ತಣ್ಣನೆಯ ದೇಶದ ಇರುವೆಗಳು ಚಳಿಗಾಲದಲ್ಲಿ ಮಲಗಿಬಿಡುವುದರಿಂದ ಕೂಡಿಡುವ ಅಗತ್ಯವೇ ಅವರಿಗೆ ಕಂಡಿರಲಿಲ್ಲ. 1829ರಲ್ಲಿ ಪುಣೆಯಲ್ಲಿದ್ದ ಸೈನ್ಯಾಧಿಕಾರಿ ಡಬ್ಲ್ಯು.ಎಚ್. ಸೈಕ್ಸ್ ಬೆಳಗಿನ ತಿರುಗಾಟದಲ್ಲಿ ನೆಲದ ಮೇಲೆ ಹುಲ್ಲುಬೀಜಗಳ ಸಣ್ಣ ಸಣ್ಣ ಗುಡ್ಡೆಗಳನ್ನು ಕಂಡ. ಮಳೆಯಿಂದ ಗೂಡಿನೊಳಗೆ ನೆನೆದ ದಾಸ್ತಾನನ್ನು ಇರುವೆಗಳು ಬಿಸಿಲು ಬಿದ್ದೊಡನೆ ಹೊರತಂದು ಒಣಗಿಸುತ್ತಿದ್ದವು. 1835ರಲ್ಲಿ ಅವನು ಪ್ರಕಟಿಸಿದ ವರದಿಯಲ್ಲಿ ಆ ಇರುವೆಗೆ ಮುಂದಾಲೋಚನೆಯುಳ್ಳದ್ದು ಎಂಬ ಅರ್ಥದ ಲ್ಯಾಟಿನ್ ಹೆಸರನ್ನೇ ಕೊಟ್ಟ. ಇಂದು ಅದು ಫೀಡೋಲೆ ಎಂಬ ಕುಲಕ್ಕೆ ಸೇರಿದೆ. ಕಣದಲ್ಲಿ ನೆನೆದ ಜೋಳವನ್ನು ಹರವಿ ಒಣಗಿಸುವ ರೈತನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಫೀಡೋಲೆ ಕುಲದ ಇರುವೆಗಳನ್ನು ಗುರುತಿಸುವುದು ಸುಲಭ: ಒಂದೇ ಗೂಡಿನಲ್ಲಿ ಸಾಧಾರಣ ಕೆಲಸಗಾರ್ತಿಯರೂ ಒಡಲಿಗೆ ಮೀರಿದ ದೊಡ್ಡ ತಲೆಯ ಕೆಲಸಗಾರ್ತಿಯರೂ ಇರುತ್ತವೆ. ಆ ದೊಡ್ಡ ತಲೆ ಬುದ್ಧಿಯ ಗುರುತಲ್ಲ, ಬೀಜ ಒಡೆಯುವ ದವಡೆಯ ಸ್ನಾಯು.

ಮೂರನೆಯದು ಸಿಹಿ, ಮತ್ತು ಇಲ್ಲಿ ಕಂಟಿಯಿಂದ ಕಂಟಿಗೆ ಭೇದವಿದೆ. ತಂಗಡಿಯ ಒಂದು ಎಲೆಯನ್ನು ಕಿತ್ತು ನೋಡಿ. ನಡುದಿಂಡಿನ ಮೇಲೆ, ಪ್ರತಿ ಜೋಡಿ ಕಿರುಎಲೆಗಳ ನಡುವೆ, ಸೂಜಿಮೊನೆಯಷ್ಟು ದೊಡ್ಡ ಗ್ರಂಥಿಯಿದೆ. ಅದು ಮಕರಂದವನ್ನು ಸ್ರವಿಸುತ್ತದೆ. ಹೂವಿಗೂ ಪರಾಗಸ್ಪರ್ಶಕ್ಕೂ ಅದಕ್ಕೂ ಸಂಬಂಧವಿಲ್ಲ. ಜಾಲಿಯ ಎಲೆದಿಂಡಿನಲ್ಲಿಯೂ ಅಂಥ ಗ್ರಂಥಿಗಳಿವೆ. ಈ ಸಿಹಿಯನ್ನು ಅರಸಿ ಏರುವ ಇರುವೆಗಳು ದಾರಿಯಲ್ಲಿ ಸಿಕ್ಕ ಕಂಬಳಿಹುಳದ ಮೊಟ್ಟೆ, ಮರಿಗಳನ್ನೂ ಎತ್ತಿಕೊಂಡು ಹೋಗುತ್ತವೆ. ಗಿಡ ಕೂಲಿ ಕೊಟ್ಟು ಕಾವಲು ಇಟ್ಟುಕೊಂಡಂತೆ. ಎಕ್ಕೆಯದು ಬೇರೆ ಕಥೆ: ಅದರ ಎಳೆ ಚಿಗುರಿಗೆ ಮುತ್ತುವ ಹಳದಿ ಹೇನುಗಳು ಹೊರಬಿಡುವ ಅಂಟುಸಿಹಿಗೆ ಇರುವೆ ಬರುತ್ತದೆ, ಹೇನನ್ನೇ ಕಾಯುತ್ತದೆ. ಇಲ್ಲಿ ಲಾಭ ಹೇನಿಗೆ, ನಷ್ಟ ಗಿಡಕ್ಕೆ. ಜಾಲಿಯ ಕೊಂಬೆಯ ಮೇಲೆ ಮುಳ್ಳಿನಂತೆಯೇ ಕಾಣುವ ಕೊಂಬಿನ ಜಿಗಿಹುಳುಗಳ ಗುಂಪನ್ನು ಎಲ್ಲರಿಗೂ ಪರಿಚಿತವಾದ ಕರಿ ಗೊದ್ದ ಹಸುಗಳನ್ನು ಕಾದಂತೆ ಕಾಯುತ್ತಿರುತ್ತದೆ. ಬೇಸಿಗೆಯಲ್ಲಿ ಗೊದ್ದದ ಸಂಚಾರ ಹೆಚ್ಚಾಗಿ ಹೊತ್ತಿಳಿದ ಮೇಲೆ. ಹಗಲು ಮಾತ್ರ ನೋಡಿ ಬಂದವರು ಆ ಕಂಟಿಯ ಅರ್ಧ ಸಂಸಾರವನ್ನೇ ಕಂಡಿರುವುದಿಲ್ಲ.

ಆದುದರಿಂದ ಹತ್ತು ಹೆಜ್ಜೆಯೊಳಗಿನ ಮೂರು ಕಂಟಿಗಳಡಿ ಮೂರು ಬೇರೆ ಕೂಟಗಳು ಇರುವುದು ಸಾಧ್ಯ. ಬಾರಿಯಡಿ ಬೀಜಗಾರರು ಹೆಚ್ಚು, ತಂಗಡಿಯಲ್ಲಿ ಸಿಹಿಗಾರರು ಹೆಚ್ಚು. ಜಾಲಿಯ ಸತ್ತ ಕೊಂಬೆಯ ಟೊಳ್ಳಿನಲ್ಲಿ, ನೆಲಕ್ಕೆ ಇಳಿಯುವ ಗೊಡವೆಯೇ ಇಲ್ಲದ, ಹೃದಯಾಕಾರದ ಹೊಟ್ಟೆಯನ್ನು ಬೆನ್ನ ಮೇಲೆ ಎತ್ತಿ ಓಡುವ ಇರುವೆಗಳು. ಕಂಟಿಗಳ ನಡುವಣ ಬರಿ ನೆಲಕ್ಕೂ ತನ್ನದೇ ನಿವಾಸಿಗಳಿವೆ. ಹೊಟ್ಟೆಯ ಮೇಲೆ ಚಿನ್ನದ ಬಣ್ಣದ ರೇಷ್ಮೆಗೂದಲಿರುವ ಒಂದು ಇರುವೆ ಬಯಲಿನಲ್ಲಿಯೇ ಗೂಡು ತೋಡುತ್ತದೆ. ಆಹಾರ ಕಂಡ ಇರುವೆ ಸಾಲುಗಟ್ಟಿಸಿ ಕರೆತರುವುದಿಲ್ಲ. ಗೂಡಿಗೆ ಮರಳಿ ಒಬ್ಬಳನ್ನೇ, ತನ್ನ ಹಿಂಗಾಲನ್ನು ಮುಟ್ಟಿಸಿಕೊಳ್ಳುತ್ತ, ಜೋಡಿಯಾಗಿ ನಡೆಸಿಕೊಂಡು ಬರುತ್ತದೆ. ಈ ಜೋಡಿ ನಡಿಗೆಯನ್ನು ವಿಜ್ಞಾನಿಗಳು 1970ರ ದಶಕದಲ್ಲಿ ವಿವರವಾಗಿ ಅಭ್ಯಸಿಸಿದರು. ನೋಡಬೇಕಾದ ದೃಶ್ಯ.

ನಾಲ್ಕನೆಯದು ನೆಲದಡಿಯ ಸಂಗತಿ. ಕೃಷಿಕರಿಗೆ ಇದೇ ಮುಖ್ಯ. ಎರೆಮಣ್ಣಿನ ಜೇಡಿ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅಂಥ ಮಣ್ಣಿನಲ್ಲಿ ಗೂಡು ಕಟ್ಟುವುದೆಂದರೆ ವರ್ಷಕ್ಕೊಮ್ಮೆ ಗೋಡೆಗಳು ಅಲುಗುವ ಮನೆಯಲ್ಲಿ ವಾಸ. ಅದರ ಮೇಲೆ ನೇಗಿಲು, ಕುಂಟೆ, ಈಗ ಟ್ರ್ಯಾಕ್ಟರಿನ ಭಾರ. ಕಂಟಿಯ ಬೇರು ಮಣ್ಣನ್ನು ಹೆಣೆದು ಹಿಡಿಯುತ್ತದೆ, ಮುಳ್ಳು ಗೊರಸನ್ನೂ ನೇಗಿಲನ್ನೂ ದೂರವಿಡುತ್ತದೆ. ಅಲ್ಲಿ ಗೂಡು ವರ್ಷಗಟ್ಟಲೆ ಬಾಳುತ್ತದೆ. ಬಾಳಿದ ಗೂಡಿನ ಸುರಂಗಗಳು ಮಳೆನೀರನ್ನು ಒಳಗೆ ಬಿಡುತ್ತವೆ. ಗೂಡಿನ ಕಸದಗುಂಡಿಯಲ್ಲಿ ಹೊಟ್ಟು, ಸತ್ತ ಹುಳ ಕೊಳೆತು ಮಣ್ಣಿಗೆ ಸಾರಜನಕ, ರಂಜಕ ಸೇರುತ್ತದೆ. ಕಂಟಿ ಇರುವೆಗೆ ಕೊಟ್ಟದ್ದರಲ್ಲಿ ಒಂದು ಪಾಲನ್ನು ಇರುವೆ ಕಂಟಿಯ ಬೇರಿಗೆ ಹೀಗೆ ಮರಳಿಸುತ್ತದೆ.

ಇದು ಹೊಲಕ್ಕೆ ಎಷ್ಟರಮಟ್ಟಿಗೆ ಉಪಯೋಗ? ಪಶ್ಚಿಮ ಆಸ್ಟ್ರೇಲಿಯಾದ ಮಳೆಯಾಶ್ರಿತ ಗೋಧಿ ಹೊಲಗಳಲ್ಲಿ ಒಂದು ಪ್ರಯೋಗ ನಡೆಯಿತು. 2011ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕೀಟನಾಶಕದಿಂದ ಇರುವೆ ಮತ್ತು ಗೆದ್ದಲನ್ನು ತೆಗೆದುಹಾಕಿದ ತಾಕುಗಳಿಗಿಂತ, ಅವನ್ನು ಉಳಿಸಿದ ತಾಕುಗಳಲ್ಲಿ ಇಳುವರಿ 36 ಪ್ರತಿಶತ ಹೆಚ್ಚಿತ್ತು. ಮಣ್ಣಿನೊಳಗೆ ನೀರು ಇಂಗುವುದೂ ಸಾರಜನಕವೂ ಹೆಚ್ಚಿದ್ದೇ ಕಾರಣ. ಆ ಮಣ್ಣು ಎರೆಯಲ್ಲ, ಆ ಅಂಕಿಯನ್ನು ಯಥಾವತ್ತಾಗಿ ತಿಕೋಟಾದ ಜೋಳದ ಹೊಲಕ್ಕೆ ತಂದು ಹಚ್ಚುವುದು ಅವಸರವಾದೀತು. ಆದರೆ ಮಳೆ ಕಡಿಮೆಯಿರುವಲ್ಲಿ, ಬಿದ್ದ ನೀರು ಹರಿದು ಹೋಗದೆ ಒಳಗಿಳಿಯುವುದೇ ಬೆಳೆಯ ಜೀವಾಳವಾದಲ್ಲಿ, ಸುರಂಗ ತೋಡುವ ಜೀವಿಯ ಬೆಲೆ ಏನೆಂಬುದಕ್ಕೆ ಅದು ಗಟ್ಟಿಯಾದ ಸಾಕ್ಷ್ಯ. ಬಿತ್ತಿದ ಎಳ್ಳು, ನವಣೆಯನ್ನು ಇರುವೆ ಹೊತ್ತೊಯ್ಯುತ್ತದೆ ಎಂಬ ರೈತರ ದೂರೂ ಸುಳ್ಳಲ್ಲ. ಒಂದೇ ಜೀವಿ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಸಿಯುತ್ತದೆ. ಲೆಕ್ಕವನ್ನು ಎರಡೂ ಕಡೆಯಿಂದ ನೋಡಬೇಕು.

ಎಲ್ಲ ಕಂಟಿಯೂ ಒಳ್ಳೆಯದೆಂದು ಈ ಮಾತಿನ ಅರ್ಥವಲ್ಲ. ಬಳ್ಳಾರಿ ಜಾಲಿಯನ್ನು ಬಯಲುಸೀಮೆಯಲ್ಲಿ ಕಾಣದವರಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಈ ಗಿಡದ ಬೀಜ 1870ರ ದಶಕದಲ್ಲಿ ಜಮೈಕಾದಿಂದ ಕಡಪ ಪ್ರದೇಶಕ್ಕೆ ಬಂತು. ಮೂಲ ಉದ್ದೇಶ ಸೌದೆ ಮತ್ತು ಹಸಿರು. ಕುರಿ ದನಗಳು ಕಾಯಿ ತಿಂದು ಬೀಜ ಹರಡಿದವು. ಇಂದು ಕೆರೆಯಂಗಳ, ಹಳ್ಳ, ರಸ್ತೆಯ ಬದಿಯೆಲ್ಲ ಅದರದೇ. ಅದಕ್ಕೂ ನೆರಳಿದೆ, ಎಲೆದಿಂಡಿನಲ್ಲಿ ಸಿಹಿಗ್ರಂಥಿಯೂ ಇದೆ. ಹಾಗಾದರೆ ಅದರಡಿ ಇರುವೆ ಇಲ್ಲವೆ? ಇವೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಇದೇ ಕುಲದ ಮೆಸ್ಕೀಟ್ ಕಂಟಿ ಹುಲ್ಲುಗಾವಲನ್ನು ಆಕ್ರಮಿಸಿದಲ್ಲಿ ಇರುವೆಗಳ ವೈವಿಧ್ಯ ಕುಗ್ಗಿರಲಿಲ್ಲ, ಹೆಚ್ಚಿತ್ತು ಎಂದು ಬೆಸ್ಟೆಲ್‌ಮೇಯರ್ ಎಂಬ ವಿಜ್ಞಾನಿ 2005ರಲ್ಲಿ ತೋರಿಸಿದರು. ಪರಿಸರದ ಪರವಾಗಿ ಮಾತಾಡುವವರಿಗೆ ಇದು ಇರುಸುಮುರುಸಿನ ಫಲಿತಾಂಶ, ಆದರೂ ಮುಚ್ಚಿಡಬಾರದು. ಅಲ್ಲಿ ಮೆಸ್ಕೀಟ್ ಹೊರಗಿನದಲ್ಲ, ಆ ದೇಶದ್ದೇ ಗಿಡ. ಕಂಟಿಗಳ ನಡುವೆ ಬಯಲು ಉಳಿದಿರುತ್ತದೆ. ಇಲ್ಲಿ ಬಳ್ಳಾರಿ ಜಾಲಿ ಒಂದಕ್ಕೊಂದು ಹೆಣೆದು ಗೋಡೆಯಾಗುತ್ತದೆ, ಅದರ ಎಲೆಕಸ ಇತರ ಬೀಜಗಳ ಮೊಳಕೆಯನ್ನು ತಡೆಯುತ್ತದೆ. ಹುಲ್ಲೇ ಇಲ್ಲದ ಕಡೆ ಹುಲ್ಲಿನ ಬೀಜ ತಿನ್ನುವ ಇರುವೆಗೆ ಏನು ಕೆಲಸ? ಬಯಲನ್ನು ಬಯಸುವ ಚಿನ್ನದ ಹೊಟ್ಟೆಯ ಇರುವೆಗೆ ಎಲ್ಲಿ ನೆಲೆ? ಪ್ರಭೇದಗಳ ಸಂಖ್ಯೆಯನ್ನು ಮಾತ್ರ ಎಣಿಸಿದರೆ ಸಾಲದು, ಯಾವುವು ಉಳಿದವು, ಯಾವುವು ಹೋದವು ಎಂಬುದನ್ನು ನೋಡಬೇಕು. ಕಂಟಿ ಮತ್ತು ಬಯಲು ಹೊಲಿಗೆ ಹಾಕಿದ ಕೌದಿಯಂತೆ ಬೆರೆತಿರುವಲ್ಲಿ ಎರಡರ ನಿವಾಸಿಗಳಿಗೂ ಎಡೆಯಿದೆ.

ಆ ಕೌದಿ ಈಗ ವೇಗವಾಗಿ ಹರಿಯುತ್ತಿದೆ. 2021ರ ಫೆಬ್ರುವರಿಯಲ್ಲಿ ಸೊಲ್ಲಾಪುರ–ವಿಜಯಪುರ ಚತುಷ್ಪಥ ಹೆದ್ದಾರಿಯ ಕಾಮಗಾರಿಯಲ್ಲಿ 25.54 ಕಿ.ಮೀ. ಉದ್ದದ ಒಂದು ಪಥಕ್ಕೆ ಕೇವಲ 18 ಗಂಟೆಗಳಲ್ಲಿ ಡಾಂಬರು ಹಾಸಿದ್ದು ದಾಖಲೆಯೆಂದು ಪತ್ರಿಕೆಗಳಲ್ಲಿ ಬಂತು. ರಸ್ತೆ ಬೇಕು; ಸೊಲ್ಲಾಪುರದ ಆಸ್ಪತ್ರೆಗೆ, ಮಾರುಕಟ್ಟೆಗೆ ಹೋಗುವವರಿಗೆ ಅದು ಉಪಕಾರವೇ. ಆದರೆ ಅಗಲವಾದ ರಸ್ತೆಯ ಎರಡೂ ಬದಿಯ ಹಳೆಯ ಕಂಟಿಗಳ ಸಾಲು, ಹೊಲದಿಂದ ಹೊಲಕ್ಕೆ ಇರುವೆ, ಓತಿಕ್ಯಾತ, ಹಾವುರಾಣಿ ದಾಟುತ್ತಿದ್ದ ದಾರಿ, ಯಾವ ಲೆಕ್ಕಪತ್ರದಲ್ಲಿಯೂ ಕಾಣಿಸುವುದಿಲ್ಲ. ಮರಗಳನ್ನಷ್ಟೇ ಎಣಿಸುವ ಪದ್ಧತಿಯಿದೆ, ಕಂಟಿಯನ್ನು ಎಣಿಸುವ ಪದ್ಧತಿಯಿಲ್ಲ.

ಇತ್ತ ತಿಕೋಟಾ, ಬಬಲೇಶ್ವರ ಸೀಮೆಗೆ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ. ಬರ ಕಂಡ ನಾಡಿಗೆ ನೀರು ಬಂದುದನ್ನು ಯಾರೂ ಅಲ್ಲಗಳೆಯಲಾರರು. ನೀರು ಮುಟ್ಟಿದಲ್ಲಿ ಮಡ್ಡಿ ಸಮತಟ್ಟಾಗುತ್ತದೆ, ಜೆಸಿಬಿಯ ಬಾಯಿಗೆ ಒಡ್ಡು ಕಂಟಿ ಎರಡೂ ಹೋಗುತ್ತವೆ. ದ್ರಾಕ್ಷಿಯ ಚಪ್ಪರ ಏಳುತ್ತದೆ, ಕಬ್ಬು ಬರುತ್ತದೆ. ಆಗ ಇರುವೆ ಇಲ್ಲವಾಗುತ್ತದೆ ಎಂದು ಭಾವಿಸಬಾರದು. ಬದಲಾಗುತ್ತದೆ. ಆಗಾಗ ಕೆದಕಿದ, ತೇವವೂ ಬಿಸಿಲೂ ಕೂಡಿದ ನೆಲವೆಂದರೆ ಉಷ್ಣವಲಯದ ಅಮೆರಿಕದಿಂದ ಜಗತ್ತೆಲ್ಲ ಹರಡಿದ ಬೆಂಕಿ ಇರುವೆ, ಸೊಲೆನೊಪ್ಸಿಸ್ ಜೆಮಿನೇಟಾ, ಬಲು ಇಷ್ಟಪಡುವ ನೆಲ. ದ್ರಾಕ್ಷಿ ಬೆಳೆಗಾರರಿಗೆ ಹಿಟ್ಟು ತಿಗಣೆಯ ಕಾಟ ಗೊತ್ತೇ ಇದೆ. ಆ ತಿಗಣೆಯ ಸಿಹಿಗೆ ಬರುವ ಇರುವೆಗಳು ಅದನ್ನು ಶತ್ರುಗಳಿಂದ ಕಾಯುತ್ತವೆ. 1898ರಲ್ಲಿ ಆಸ್ಟ್ರೇಲಿಯಾದಿಂದ ತಂದು ಕಾಫಿ ಸೀಮೆಯಲ್ಲಿ ಬಿಟ್ಟ, ಇಂದು ದ್ರಾಕ್ಷಿ ತೋಟಗಳಲ್ಲಿಯೂ ಬಿಡುವ, ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಹಿಟ್ಟು ತಿಗಣೆಯನ್ನು ತಿನ್ನಬೇಕಾದರೆ ಮೊದಲು ಇರುವೆಯನ್ನು ಬಳ್ಳಿಯಿಂದ ದೂರವಿಡಬೇಕು. ಇದು ಮಲೆನಾಡಿನ ಕಾಫಿ ಬೆಳೆಗಾರರಿಗೂ ಅನುಭವದ ಮಾತು. ಹಲವು ಬಗೆಯ ಇರುವೆಗಳು ಪರಸ್ಪರ ಪೈಪೋಟಿಯಲ್ಲಿದ್ದ ನೆಲದಲ್ಲಿ ಒಂದೆರಡು ಮಾತ್ರ ಮೆರೆಯತೊಡಗಿದಾಗ ಅದರ ವೆಚ್ಚ ಔಷಧದ ಅಂಗಡಿಯ ಚೀಟಿಯಲ್ಲಿ ಬರುತ್ತದೆ.

ಗಿಡ ನೆಡುವ ಕೆಲಸಕ್ಕೂ ಇದು ಸಂಬಂಧಿಸಿದೆ. ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳ ಸಾಲಿನಲ್ಲಿರುವ ವಿಜಯಪುರದಲ್ಲಿ 2010ರ ದಶಕದಲ್ಲಿ ಕೋಟಿ ವೃಕ್ಷ ಅಭಿಯಾನ ಆರಂಭವಾಯಿತು. ಅಂಥ ಉತ್ಸಾಹ ಶ್ಲಾಘನೀಯ. ಯಾವ ಜಿಲ್ಲೆಯಲ್ಲಾಗಲಿ, ಸಸಿ ನೆಡುವವರಿಗೆ ಒಂದು ಅಭ್ಯಾಸವಿದೆ: ಮೊದಲು ನೆಲ ಸ್ವಚ್ಛಮಾಡುವುದು. ಸ್ಪೇನಿನ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಸಾವಿರಾರು ಸಸಿಗಳನ್ನು ಕೆಲವನ್ನು ಕಂಟಿಯ ಬುಡದಲ್ಲಿಯೂ ಕೆಲವನ್ನು ಕಂಟಿ ತೆಗೆದ ಬಯಲಿನಲ್ಲಿಯೂ ನೆಟ್ಟು ನೋಡಿದರು. 2004ರಲ್ಲಿ ಪ್ರಕಟವಾದ ಒಟ್ಟು ಲೆಕ್ಕದಲ್ಲಿ ಕಂಟಿಯ ಆಸರೆಯ ಸಸಿಗಳೇ ಹೆಚ್ಚು ಬದುಕಿದ್ದವು. ಮಡ್ಡಿಯಲ್ಲಿ ಇದಕ್ಕೆ ಸ್ಪೇನಿನ ಸಾಕ್ಷಿ ಬೇಕಿಲ್ಲ. ಬಾರಿಕಂಟಿಯ ನಡುವಿನಿಂದ ತಲೆಯೆತ್ತಿದ ಬೇವಿನ ಗಿಡ ಅಲ್ಲಲ್ಲಿ ಕಾಣುತ್ತದೆ. ಹಕ್ಕಿ ಬೀಜ ಹಾಕಿದೆ, ಮುಳ್ಳು ಆಡನ್ನು ತಡೆದಿದೆ, ಬುಡದ ಕಸ ತೇವ ಹಿಡಿದಿದೆ, ಇರುವೆ ಮಣ್ಣನ್ನು ಸಡಿಲಗೊಳಿಸಿದೆ. ಕಂಟಿಯನ್ನು ಕಿತ್ತು ಗುಂಡಿ ತೋಡುವವರು ಈ ನಾಲ್ಕೂ ಕೆಲಸವನ್ನು ಬೇಲಿ, ಗೊಬ್ಬರ, ಟ್ಯಾಂಕರಿನ ನೀರು, ಕೂಲಿಗಳ ರೂಪದಲ್ಲಿ ಕೊಂಡು ತರಬೇಕಾಗುತ್ತದೆ.

ಬೇಲಿಗೆ ಮುಳ್ಳು ಬೇಡವೆ, ಹೊಲಕ್ಕೆ ಕಂಟಿ ನುಗ್ಗಿದರೆ ಸುಮ್ಮನಿರಬೇಕೆ ಎಂದು ಅಲ್ಲಿಯ ರೈತ ಕೇಳಿದರೆ ಅದು ನ್ಯಾಯದ ಪ್ರಶ್ನೆ. ಬಾರಿಕಂಟಿ ಕಡಿದಷ್ಟೂ ಚಿಗುರುವ ಜಾತಿ. ಕೊಂಬೆ ಕಡಿದು ಬುಡ ಉಳಿಸಿದರೆ ಬೇಲಿಗೂ ಆಯಿತು, ಆಡಿಗೂ ಆಯಿತು, ಬುಡದ ಗೂಡೂ ಉಳಿಯಿತು. ಹೊಲದೊಳಗಿನದನ್ನು ಕಿತ್ತು ಒಡ್ಡಿನ ಮೇಲಿನದನ್ನು ಬಿಡುವುದು ಹಿರಿಯರ ರೂಢಿಯಾಗಿತ್ತು. ಒಡ್ಡಿಗೆ ಬೆಂಕಿ ಕೊಡುವುದನ್ನು ಮಾತ್ರ ನಿಲ್ಲಿಸಬೇಕು. ಕಡಿತದಿಂದ ಕಂಟಿ ಚೇತರಿಸಿಕೊಳ್ಳುತ್ತದೆ, ಆದರೆ ಬೆಂಕಿಗೆ ಬುಡದ ಕಸವೂ ಅದರಲ್ಲಿ ಕೂಡಿದ ಬೀಜವೂ ಉಳಿಯುವುದಿಲ್ಲ.

ಇನ್ನು ಮಲೆನಾಡಿನ ನೆತ್ತಿಯ ಮಾತು. ಇಲ್ಲಿಯ ಇರುವೆಯೆಂದೊಡನೆ ನೆನಪಾಗುವುದು ಎಲೆ ಹೊಲಿದು ಮರದ ಮೇಲೆ ಗೂಡು ಕಟ್ಟುವ ಚಗಳಿ, ಮತ್ತು ಅದರ ಚಟ್ನಿ. ಉತ್ತರ ಕನ್ನಡ ಜಿಲ್ಲೆಯ ಹಲವು ತಾಣಗಳಲ್ಲಿ ರಾಘವೇಂದ್ರ ಗದಗಕರ ಮತ್ತು ಸಂಗಡಿಗರು ನಡೆಸಿದ ಇರುವೆ ಸಮೀಕ್ಷೆ 1993ರಲ್ಲಿ ಪ್ರಕಟವಾಗಿದೆ. ಕಾಡಿನ ಇರುವೆಗಳ ಬಗ್ಗೆ ಒಂದಿಷ್ಟು ತಿಳಿದಿದೆ. ಆದರೆ ಜಂಬಿಟ್ಟಿಗೆಯ ಬೋಳು ಹಾಸಿನ ಮೇಲೆ, ಮಳೆಗಾಲದಲ್ಲಿ ನೀರು ನಿಂತು ಬೇಸಿಗೆಯಲ್ಲಿ ಕಾದ ಹಂಚಾಗುವ ಬಯಲಿನಲ್ಲಿ, ಕವಳಿಮಟ್ಟಿಗಳು ನಿಂತಿವೆಯಲ್ಲ, ಅವುಗಳ ಬುಡ ವಿಜಯಪುರದ ಮಡ್ಡಿಯ ತಮ್ಮನೇ. ಅಂಥ ಬಯಲನ್ನು ಪಾಳು ಎಂದು ಬರೆದು ಅಕೇಶಿಯಾ ನೆಟ್ಟ ಕಡೆ ನೆರಳಿಗೇನೂ ಕೊರತೆಯಿಲ್ಲ. ಕವಳಿಹಣ್ಣು ಇಲ್ಲ, ಹುಲ್ಲಿನ ಬೀಜವಿಲ್ಲ, ಬಯಲೂ ಇಲ್ಲ.

ವಿದ್ಯಾರ್ಥಿಗಳು ಇದನ್ನು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಹತ್ತು ಪ್ಲಾಸ್ಟಿಕ್ ಲೋಟಗಳು ಸಾಕು. ಐದನ್ನು ಐದು ಮಟ್ಟಿಗಳ ಬುಡದಲ್ಲಿ, ಐದನ್ನು ಪ್ರತಿ ಮಟ್ಟಿಯಿಂದ ಎರಡು ಮಾರು ದೂರದ ಬಯಲಿನಲ್ಲಿ, ಬಾಯಿ ನೆಲಮಟ್ಟಕ್ಕೆ ಬರುವಂತೆ ಹೂಳಬೇಕು. ಮೂರನೇ ಒಂದು ಭಾಗ ನೀರು, ಎರಡು ಹನಿ ಸೋಪಿನ ದ್ರಾವಣ. ಮೇಲೆ, ಸಣ್ಣ ಕಲ್ಲುಗಳ ಆಧಾರದಲ್ಲಿ, ಚಪ್ಪಟೆ ಕಲ್ಲೊಂದನ್ನು ಎತ್ತರಿಸಿ ಇಟ್ಟರೆ ಎಲೆ, ಮಳೆಹನಿ ಬೀಳುವುದಿಲ್ಲ. ಎರಡು ದಿನದ ನಂತರ ತೆಗೆದು, ಬಿಳಿ ತಟ್ಟೆಗೆ ಸುರಿದು, ಬಗೆಗಳನ್ನು ಬೇರ್ಪಡಿಸಿ ಎಣಿಸಬೇಕು. ಕೊಲ್ಲಲು ಮನಸ್ಸಿಲ್ಲದವರು ಕಾಗದದ ಚೂರಿನ ಮೇಲೆ ಒಂದು ಕಡೆ ಬೆಲ್ಲ, ಇನ್ನೊಂದು ಕಡೆ ಒಣಮೀನು ಅಥವಾ ಕೊಬ್ಬರಿ, ಮತ್ತೊಂದು ಕಡೆ ರಾಗಿಕಾಳು ಇಟ್ಟು, ಅರ್ಧ ಗಂಟೆಗೊಮ್ಮೆ ಯಾರು ಬಂದರು, ಯಾರು ಯಾರನ್ನು ಓಡಿಸಿದರು ಎಂದು ಬರೆದುಕೊಳ್ಳಬಹುದು. ಜೊತೆಗೆ ಒಂದು ಉಷ್ಣಮಾಪಕವನ್ನು ನೆಲಕ್ಕೆ ತಾಗಿಸಿ ಎರಡೂ ಕಡೆಯ ಬಿಸಿಯನ್ನು ನೋಡಬೇಕು. ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ. ಒಂದು, ಎರಡು ಎಂದು ಗುರುತು ಹಾಕಿದರೂ ಬಗೆಗಳ ಲೆಕ್ಕ ಸಿಗುತ್ತದೆ. ಹೆಸರು ಬೇಕೆನ್ನುವವರಿಗೆ ಕರ್ನಾಟಕದ ಇರುವೆಗಳ ಪಟ್ಟಿ ಮಾಡಿದ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಮುಸ್ತಾಕ್ ಅಲಿ ಅವರ ಕೆಲಸವಿದೆ. ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ ಅವರು 2006ರಲ್ಲಿ ದಕ್ಷಿಣ ಭಾರತದ ಇರುವೆಗಳ ಬಗ್ಗೆ ಹೊರತಂದ ಚಿತ್ರಸಹಿತ ಕೈಪಿಡಿಯಿದೆ.

ಏಪ್ರಿಲ್ ತಿಂಗಳಲ್ಲಿ ಒಮ್ಮೆ ಎಣಿಸಿ ಬಿಡಬಾರದು. ಮಳೆ ನಿಂತ ಮೇಲೆ, ಬಯಲುಸೀಮೆಯಲ್ಲಿ ಹಿಂಗಾರಿ ಜೋಳ ಬಿತ್ತುವ ಅಕ್ಟೋಬರಿನ ಹೊತ್ತಿಗೆ, ಅದೇ ಲೋಟಗಳನ್ನು ಅದೇ ಮಟ್ಟಿಗಳ ಬುಡದಲ್ಲಿ ಮತ್ತೆ ಹೂಳಬೇಕು. ಆಗ ಬಯಲಿನ ಲೋಟಗಳಲ್ಲಿಯೂ ಇರುವೆ ಸಿಕ್ಕೀತು. ಎಷ್ಟು ಬಗೆ, ಬೇಸಿಗೆಯಲ್ಲಿ ಅವೆಲ್ಲ ಎಲ್ಲಿ ಅಡಗಿದ್ದವು ಎಂಬುದನ್ನು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.